ಒಟಿಟಿ ಮಾಡ್ರಿ, ಜೋಡಿಗೆ ಒಂದು ಜಮಖಾನಿನೂ ಹಾಸ್ರಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹಿರಿಯರಿಗೆ, ಮತ್ತು ಒಟಿಟಿ ಕಡತ ಸದ್ಯ ಯಾರ ಮೇಜಿನ ಮೇಲಿದೆಯೋ ಆ ಸಾಹೇಬರಿಗೆ,

ಗದಗ-ಬೆಟಗೇರಿಯಿಂದ ನಮಸ್ಕಾರ.

2025-26ರ ಬಜೆಟ್ಟಿನಲ್ಲಿ ಕನ್ನಡ ಸಿನಿಮಾಗಳಿಗೆ ಸರ್ಕಾರವೇ ಒಂದು ಒಟಿಟಿ ವೇದಿಕೆ ಮಾಡುತ್ತದೆ ಎಂದು ಮುಖ್ಯಮಂತ್ರಿಗಳು ಹೇಳಿದ ದಿನ ನಾನು ಬೆಟಗೇರಿಯ ಒಂದು ಮನೆಯ ಮಾಳಿಗೆ ಮೇಲೆ ನಿಂತು ಇಂಟರ್ನೆಟ್ಟಿನ ಫೈಬರ್ ವೈರು ಎಳೆಯುತ್ತಿದ್ದೆ. ಅಂಗಳದಲ್ಲಿ ಕೂತಿದ್ದ ಮನೆಯ ಯಜಮಾನರು ಮೊಬೈಲಿನಲ್ಲಿ ಸುದ್ದಿ ಓದಿ ಮೇಲಕ್ಕೆ ಕೂಗಿದರು. “ಕೇಳಿದೇನೋ ತಮ್ಮಾ, ಇನ್ನ ಮ್ಯಾಲೆ ಸರಕಾರನ ಪಿಚ್ಚರ್ ತೋರಸ್ತೈತಂತ. ನಿನ್ನ ಧಂದೆ ಮುಗೀತ ನೋಡು.”

“ನನ್ನ ಧಂದೆ ಮೂರ ಸಲ ಮುಗದೈತ್ರಿ ಅಜ್ಜಾರ. ಇನ್ನೊಂದ ಸಲ ಮುಗದ್ರ ಏನೂ ತ್ರಾಸಿಲ್ಲ” ಅಂದೆ.

ಚೇಷ್ಟೆಗೆ ಆಡಿದ ಮಾತಾದರೂ ಲೆಕ್ಕ ಖರೇ. 1986ರಲ್ಲಿ, ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕಾಗಿದ್ದಾಗ, ಹತ್ತೊಂಬತ್ತು ವರ್ಷದವನಾಗಿದ್ದ ನಾನು ಹುಬ್ಬಳ್ಳಿಯಿಂದ ಒಂದು ಹಳೆಯ ವಿಸಿಪಿ (ಕ್ಯಾಸೆಟ್ಟು ಹಾಕಿ ಟಿವಿಯಲ್ಲಿ ಪಿಚ್ಚರ್ ತೋರಿಸುವ ಮೆಷಿನ್), ಒಂದು ಇಪ್ಪತ್ತು ಇಂಚಿನ ಕಲರ್ ಟಿವಿ ತಂದು ಬಾಡಿಗೆಗೆ ಕೊಡಲು ಶುರು ಮಾಡಿದೆ. ಕೇಬಲ್ ಬಂದು ಅದನ್ನು ಮುಗಿಸಿತು. 1992ರಲ್ಲಿ ನಾನೇ ಕೇಬಲ್ಲಿಗೆ ಇಳಿದೆ. ಡಿಟಿಎಚ್ ಬಂದಾಗ ಅದರ ಅರ್ಧ ಜೀವ ಹೋಯಿತು, 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಉಳಿದರ್ಧ. ನಡುವೆ ನಡೆಸುತ್ತಿದ್ದ ಒಂದು ಲೋಕಲ್ ಚಾನೆಲ್ಲನ್ನು ಕೈಯಾರೆ ಮುಚ್ಚಿದೆ. ಈಗ ಮನೆಮನೆಗೆ ಇಂಟರ್ನೆಟ್ ಕೊಡುತ್ತೇನೆ. ಅಂದರೆ, ನನ್ನ ಹಿಂದಿನ ಧಂದೆಗಳನ್ನು ಯಾವುದು ಕೊಂದಿತೋ ಅದನ್ನೇ ಮಾರಿ ಹೊಟ್ಟೆ ಹೊರೆಯುತ್ತಿದ್ದೇನೆ.

ಹೀಗೆ ಹೆಚ್ಚುಕಡಿಮೆ ನಾಲ್ವತ್ತು ವರ್ಷ ಮಂದಿಯ ಮುಂದೆ ಚಿತ್ರ ತಂದಿಡುವ ಕೆಲಸ ಮಾಡಿದವನು ನಿಮಗೊಂದು ಮಾತು ಹೇಳಬೇಕೆಂದು ಕೂತಿದ್ದೇನೆ. ಒಟಿಟಿ ಬೇಡ ಎನ್ನುವುದಕ್ಕಲ್ಲ. ಅವಶ್ಯ ಮಾಡಿ. ಆದರೆ ಒಬ್ಬೊಬ್ಬರೇ ಮೂಲೆ ಹಿಡಿದು ನೋಡುವುದಕ್ಕೆ ಈಗಾಗಲೇ ಬೇಕಾದಷ್ಟಿದೆ, ಅದರಲ್ಲಿ ಅರ್ಧದ ವೈರು ಎಳೆದವನು ನಾನೇ. ನೀವು ಮಾಡುವುದರಲ್ಲಿ ಊರ ಮಂದಿ ಕೂಡಿ ಕೂತು ನೋಡುವುದಕ್ಕೂ ಒಂದು ದಾರಿ ಇಡಿ.

ಕೂಡಿ ನೋಡುವುದು ಹೇಗಿತ್ತು ಎಂದು ಹೇಳದಿದ್ದರೆ ನಾನು ಏನು ಕೇಳುತ್ತಿದ್ದೇನೆ ಎನ್ನುವುದು ನಿಮಗೆ ತಿಳಿಯಲಿಕ್ಕಿಲ್ಲ.

ಟಿವಿಯನ್ನು ಕೌದಿಯಲ್ಲಿ ಸುತ್ತಿ, ಟೆಂಪೊದಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹುಲಕೋಟಿ, ಕುರ್ತಕೋಟಿ, ಲಕ್ಕುಂಡಿ, ಸೊರಟೂರ ಎಂದು ತಿರುಗುತ್ತಿದ್ದೆ. ಜಾತ್ರೆ, ಗಣಪತಿ, ಜಾವಳ, ಮದುವೆಯ ಹಿಂದಿನ ರಾತ್ರಿ. ಒಂದು ರಾತ್ರಿಗೆ ಮೂರು ಕ್ಯಾಸೆಟ್ಟು. ಬೇಡಿಕೆ ಎಲ್ಲ ಊರಲ್ಲೂ ಒಂದೇ: “ಒಂದ ಅಣ್ಣಾವ್ರದ್ದು, ಒಂದ ದೇವ್ರದ್ದು, ಒಂದ ಫೈಟಿಂಗಿಂದು.” ದೇವರದ್ದನ್ನು ಮೊದಲು ಹಾಕಬೇಕು, ಯಾಕೆಂದರೆ ಮುದುಕರು ಹನ್ನೊಂದಕ್ಕೆ ಏಳುತ್ತಾರೆ. ಫೈಟಿಂಗು ಕಡೆಗೆ, ಅದು ನಸುಕಿನವರೆಗೂ ಹುಡುಗರನ್ನು ಎಚ್ಚರ ಇಡುತ್ತದೆ. ಕಾರ್ಯಕ್ರಮ ಯಾವ ಹೊತ್ತಿಗೆ ಯಾವುದು ಎನ್ನುವ ಈ ವಿದ್ಯೆಯನ್ನು ಮುಂದೆ ಚಾನೆಲ್ಲಿನವರು ದೊಡ್ಡ ಸಂಬಳ ಕೊಟ್ಟು ಮಾಡಿಸಿದರು. ನಾನು ಗುಡಿಯ ಕಟ್ಟೆಯ ಮೇಲೆ ಪುಕ್ಕಟೆ ಕಲಿತಿದ್ದೆ.

ಟಿವಿ ಗುಡಿಯ ಕಟ್ಟೆ ಮೇಲೆ. ಮುಂದೆ ಮಣ್ಣಿನಲ್ಲಿ ಮಕ್ಕಳು, ಎಡಕ್ಕೆ ಹೆಣ್ಣುಮಕ್ಕಳು, ಬಲಕ್ಕೆ ಗಂಡಸರು, ನಡುವೆ ಗೌಡರ ಮನೆಯಿಂದ ತಂದು ಹಾಸಿದ ನವಲಗುಂದದ ಜಮಖಾನೆ. ಆ ಜಮಖಾನೆ ಮೇಲೆ ಯಾರು ಕೂಡಬೇಕು, ಯಾರು ಕೂಡಬಾರದು ಎನ್ನುವುದಕ್ಕೆ ಮೊದಮೊದಲು ಕಟ್ಟುನಿಟ್ಟು ಇತ್ತು. ಎರಡನೇ ಪಿಚ್ಚರ್ ಅರ್ಧಕ್ಕೆ ಬರುವಷ್ಟರಲ್ಲಿ ಚಳಿಗೆ ಎಲ್ಲರೂ ಒತ್ತಿಕೊಂಡು ಕೂತು ಆ ಕಟ್ಟು ಸಡಿಲಾಗುತ್ತಿತ್ತು. ಬೆಳಗಾದರೆ ಮತ್ತೆ ಮೊದಲಿನ ಹಾಗೆ. ಒಂದು ಟಿವಿ ಊರಿನ ಜಾತಿ ಅಳಿಸಿತು ಎಂದು ನಾನು ಹೇಳುವುದಿಲ್ಲ, ಕಂಡದ್ದಷ್ಟು ಹೇಳಿದೆ.

ಹಿಂದಿ ಪಿಚ್ಚರ್ ಇದ್ದರೆ ನಮ್ಮ ಕಾಕಾನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವನು ಮುಂಬೈಯ ಗಿರಣಿಯಲ್ಲಿ ದುಡಿದು ಮುಷ್ಕರದ ನಂತರ ಊರಿಗೆ ಬಂದವನು, ಹಿಂದಿ ಬರುತ್ತಿತ್ತು. ಟಿವಿಯ ಮಗ್ಗುಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಪಾತ್ರಗಳ ಮಾತನ್ನೆಲ್ಲ ಆಗಿಂದಾಗಲೇ ನಮ್ಮ ಭಾಷೆಗೆ ತರುತ್ತಿದ್ದ. ಬರೀ ಅರ್ಥ ಹೇಳಿದರೆ ಸುಮ್ಮನಾಗುವವನಲ್ಲ. “ಈಕಿ ತನ್ನ ತಂಗಿ ಅಂತ ಅವಗ ಇನ್ನೂ ಗೊತ್ತಿಲ್ರಿ. ನಿಮಗೂ ಈಗ ಗೊತ್ತಾಗಬಾರದಿತ್ತು, ಏನ್ ಮಾಡೂದು, ನಾ ಇದನ್ನ ಮೂರ ಸಲ ನೋಡೇನಿ.” ವಿಲನ್ನಿಗೆ ಸೊರಟೂರಿನ ಸಾಹುಕಾರನ ದನಿ, ನಾಯಕಿಯ ತಾಯಿಗೆ ನಮ್ಮ ಅಜ್ಜಿಯ ದನಿ. ಮಂದಿ ಪರದೆ ನೋಡಿ ನಕ್ಕರೋ ಕಾಕಾನ ಮಾತಿಗೆ ನಕ್ಕರೋ ಹೇಳಲು ಬರುತ್ತಿರಲಿಲ್ಲ.

1988ರ ಅಕ್ಟೋಬರಿನಿಂದ 1990ರವರೆಗೆ ಪ್ರತಿ ರವಿವಾರ ಬೆಳಿಗ್ಗೆ ದೂರದರ್ಶನದಲ್ಲಿ ಮಹಾಭಾರತ ಬಂದಾಗಲೂ ಓಣಿಗೆಲ್ಲ ಕಾಕಾನೇ ಕನ್ನಡ. ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತವನ್ನು ಕನ್ನಡಕ್ಕೆ ತಂದ ಎಂದು ಹೇಳುವ ಊರು ನಮ್ಮದು. ಅದೇ ಊರಿನಲ್ಲಿ ನಾವು ಐನೂರು ಚಿಲ್ಲರೆ ವರ್ಷದ ಮೇಲೆ ಭಾರತವನ್ನು ಹಿಂದಿಯಲ್ಲಿ ನೋಡುತ್ತ, ಗಿರಣಿ ಕಾರ್ಮಿಕನೊಬ್ಬ ಮತ್ತೆ ಕನ್ನಡಕ್ಕೆ ತರುವುದನ್ನು ಕಾಯುತ್ತ ಕೂತಿದ್ದೆವು. ಮುಂದೆ ಇನ್ನೊಂದು ಹಿಂದಿ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಟಿವಿಗೆ ಬಂತು, 2020ರ ಲಾಕ್‌ಡೌನಿನಲ್ಲಿ. ಅಷ್ಟೊತ್ತಿಗೆ ಕಾಕಾ ಇರಲಿಲ್ಲ. ದನಿಗಳೆಲ್ಲ ಸ್ವಚ್ಛವಾಗಿದ್ದವು, ಶಕುನಿ ಮಾತ್ರ ಯಾವ ಊರಿನವನೂ ಆಗಿರಲಿಲ್ಲ.

ಇನ್ನೊಂದು ರಾತ್ರಿಯದು ಹೇಳಿ ಮುಂದೆ ಹೋಗುತ್ತೇನೆ. ಮುಳಗುಂದದ ಹತ್ತಿರದ ಒಂದು ಹಳ್ಳಿ. ಪಿಚ್ಚರ್ ನಡುವೆ ಕರೆಂಟು ಹೋಯಿತು. ಮಂದಿ ಏಳಲಿಲ್ಲ. ಕತ್ತಲಲ್ಲೇ ಯಾರೋ ಶರೀಫ ಸಾಹೇಬರ ಒಂದು ಪದ ಎತ್ತಿಕೊಂಡರು, ಹಿಂದಿನಿಂದ ಇನ್ನೊಬ್ಬರು ತಾಳ ಹಾಕಿದರು. ಹತ್ತು ನಿಮಿಷದ ಮೇಲೆ ಕರೆಂಟು ಬಂತು, ಟಿವಿ ತಾನಾಗಿ ಹೊತ್ತಿಕೊಂಡಿತು, ನಾಯಕ ಫೈಟಿಂಗಿಗೆ ಕೈ ಎತ್ತಿದ. “ಏ ತಮ್ಮಾ, ಬಂದ್ ಮಾಡದನ್ನ, ಪದ ಮುಗೀಲಿ” ಅಂದಳು ಒಬ್ಬ ಮುದುಕಿ. ಬಂದ್ ಮಾಡಿದೆ. ಪದ ಮುಗಿದ ಮೇಲೆ ಫೈಟಿಂಗು.

ಈ ಚಂದದ ಹಿಂದಿನ ಕೊಳೆಯನ್ನೂ ಹೇಳಬೇಕು. ನನ್ನ ಕ್ಯಾಸೆಟ್ಟುಗಳು ಅಸಲಿ ಎನ್ನಲು ನನಗೆ ಬಾಯಿಲ್ಲ. ಎಲ್ಲ ಕಳ್ಳ ಪ್ರಿಂಟು. ಒಂದು ಸಲ ಪೊಲೀಸರು ಬಂದು ಲೈಸೆನ್ಸ್ ಇಲ್ಲದೆ ಪ್ರದರ್ಶನ ಎಂದು ವಿಸಿಪಿ ಹೊತ್ತುಕೊಂಡು ಹೋದರು. ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಜಾತ್ರೆಯ ಸೀಜನ್ನು ಹೋಯಿತು. ಕಾನೂನಿನ ಪ್ರಕಾರ ಅವರದು ಸರಿ. ಆದರೆ ಸರಿಯಾದ ದಾರಿಯಲ್ಲಿ ಒಂದು ಹಳ್ಳಿಗೆ ಒಂದು ರಾತ್ರಿ ಒಂದು ಚಿತ್ರ ತೋರಿಸಬೇಕೆಂದರೆ ಯಾರ ಬಳಿ ಹೋಗಿ ಎಷ್ಟು ರೊಕ್ಕ ಕಟ್ಟಬೇಕು ಎಂದು ನನಗೆ ಆಗ ಯಾರೂ ಹೇಳಲಿಲ್ಲ. ನನ್ನ ಮೊದಲ ಬೇಡಿಕೆ ಇಲ್ಲಿಂದಲೇ ಹುಟ್ಟುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೇಬಲ್ ಕಾಲದ ಬಗ್ಗೆ ಬಹಳ ಹೇಳುವುದಿಲ್ಲ, ಎಲ್ಲರೂ ಬಲ್ಲರು. ಮಾಳಿಗೆಯಿಂದ ಮಾಳಿಗೆಗೆ ಕಪ್ಪು ವೈರು, ಮಂಗ್ಯಾಗಳು ಜೋತಾಡಿ ಹರಿಯುವುದು, ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನಲ್ಲಿ ಫೋನಿನ ಮೇಲೆ ಬೈಗುಳ. 1994ರಲ್ಲಿ ಉದಯ ಟಿವಿ ಬಂದಾಗ ಒಂದೇ ತಿಂಗಳಲ್ಲಿ ಮೂರು ಓಣಿ ಹೊಸದಾಗಿ ಸೇರಿದವು. 2019ರಲ್ಲಿ ಕೇಬಲ್ ದರ ಗೊತ್ತುಮಾಡುವ ಟ್ರಾಯ್‌ನವರ ಹೊಸ ದರ ಬಂದು, 100 ಚಾನೆಲ್ಲಿಗೆ 130 ರೂಪಾಯಿ, ಮೇಲೆ ಜಿಎಸ್‌ಟಿ, ಅದರ ಮೇಲೆ ಬೇಕಾದ ಚಾನೆಲ್ಲಿನ ರೊಕ್ಕ ಬೇರೆ ಎಂದು ವಿವರಿಸುವಷ್ಟರಲ್ಲಿ ಅರ್ಧ ಗಿರಾಕಿಗಳು “ಬ್ಯಾಡ ಬಿಡಪಾ, ಮೊಬೈಲ್ ಐತಿ” ಅಂದರು.

ಆ ಕಾಲದಿಂದ ನನಗೆ ಉಳಿದ ಒಂದೇ ಸಿಟ್ಟು ಟಿಆರ್‌ಪಿಯದು. ಇಡೀ ದೇಶದಲ್ಲಿ ಯಾರು ಏನು ನೋಡುತ್ತಾರೆ ಎನ್ನುವುದನ್ನು ಐವತ್ತು ಸಾವಿರ ಚಿಲ್ಲರೆ ಮನೆಗಳ ಮೀಟರು ಹೇಳುತ್ತದೆ. 2015ರ ಅಕ್ಟೋಬರಿನವರೆಗೂ ಹಳ್ಳಿಗಳು ಆ ಲೆಕ್ಕದಲ್ಲೇ ಇರಲಿಲ್ಲ. ಅಂದರೆ ಇಪ್ಪತ್ತು ವರ್ಷ ಕುರ್ತಕೋಟಿಯ ಮಂದಿ ಟಿವಿ ನೋಡಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಇದಕ್ಕೂ ಧಾರಾವಾಹಿಗಳಲ್ಲಿ ನಮ್ಮ ಮಾತಿಗೆ ಆದ ಗತಿಗೂ ಸಂಬಂಧ ಇದೆ ಎಂದು ನನ್ನ ಅನುಮಾನ. ಧಾರಾವಾಹಿಯಲ್ಲಿ “ಹೌದ್ರಿ”, “ಏನ್ರೀಪಾ” ಎಂದವನು ಯಾರು ಎಂದು ನೀವೇ ನೆನಪಿಸಿಕೊಳ್ಳಿ. ಅಡುಗೆಯವನು, ವಾಚ್‌ಮನ್, ಇಲ್ಲವೇ ಬಾಯಿ ಬಿಟ್ಟರೆ ನಗು ಬರಬೇಕಾದ ಮಾವ. ಪ್ರೀತಿ ಮಾಡುವ ಹುಡುಗ ನಮ್ಮ ಮಾತು ಆಡುವುದು ಅಪರೂಪ. ವಕೀಲ, ಡಾಕ್ಟರ್ ಅಂತೂ ಆಡುವುದೇ ಇಲ್ಲ. ಹೈಕೋರ್ಟಿನ ಪೀಠ 2008ರಿಂದ ಧಾರವಾಡದಲ್ಲಿದೆ, ಒಂದು ದಿನ ಅದರ ಗೇಟಿನ ಮುಂದೆ ಚಹಾ ಕುಡಿಯುತ್ತ ನಿಂತು ಕೇಳಿ, ವಕೀಲರು ಯಾವ ಮಾತು ಆಡುತ್ತಾರೆ ಎಂದು.

ಆನ್‌ಲೈನ್ ವಿಡಿಯೊ ಬಂದು ಈ ಒಂದು ಕೆಲಸ ಚಲೋ ಮಾಡಿತು. ಹಾವೇರಿ, ರಾಣೆಬೆನ್ನೂರು, ಗದಗ, ಬಾಗಲಕೋಟೆ ಕಡೆಯ ಹುಡುಗರು ಮೊಬೈಲ್ ಹಿಡಿದು ಹೊಲದ ಬದುವಿನಲ್ಲಿ, ಗೋಡೌನಿನ ಹಿಂದೆ ಕಿರುನಾಟಕ ಮಾಡಿ ಹಾಕಿದರು. ಯಾರ ಪರವಾನಗಿಯನ್ನೂ ಕೇಳಲಿಲ್ಲ. ಅಲ್ಲಿ ಮೊದಲ ಸಲ ಪ್ರೀತಿ ಮಾಡುವವನೂ ನಮ್ಮ ಮಾತಾಡಿದ, ಕೈ ಕೊಡುವವಳೂ ನಮ್ಮ ಮಾತಾಡಿದಳು. 2020ರ ಜೂನಿನಲ್ಲಿ ಟಿಕ್‌ಟಾಕ್ ಬಂದ್ ಆದಾಗ ನಮ್ಮ ಬೆಟಗೇರಿಯ ನೇಕಾರರ ಓಣಿಯ ಒಬ್ಬ ಹುಡುಗ ಮನೆಯಲ್ಲಿ ಸಾವಾದವನ ಹಾಗೆ ಕೂತಿದ್ದ. ಮಗ್ಗದ ಸಪ್ಪಳಕ್ಕೆ ತಾಳ ಹಾಕಿ ಕುಣಿದದ್ದೆಲ್ಲ ಹೋಯಿತು ಎಂದು. ಮೂರು ತಿಂಗಳಲ್ಲಿ ಯೂಟ್ಯೂಬಿನವರು ಶಾರ್ಟ್ಸ್ ತಂದರು, ಅವನು ಮತ್ತೆ ಮಗ್ಗದ ಮುಂದೆ ನಿಂತ.

ಆ ವಿಡಿಯೊಗಳಲ್ಲಿ ಅರ್ಧ ಗಂಡ-ಹೆಂಡಿರ ಜಗಳ, ಇನ್ನರ್ಧ ಕುಡುಕರ ಜಗಳ. ಡಿಜೆ ಹಾಕಿದ ಜಾನಪದ ಎನ್ನುತ್ತಾರಲ್ಲ, ಅದರ ಸಾಲುಗಳನ್ನು ಮನೆಯಲ್ಲಿ ಗಟ್ಟಿಯಾಗಿ ಹಚ್ಚಲು ಬರುವುದಿಲ್ಲ. ಹೀಗೆ ಬೈಯುತ್ತಲೇ ನಾನು ಎಲ್ಲವನ್ನೂ ನೋಡುತ್ತೇನೆ ಎನ್ನುವುದನ್ನು ನನ್ನ ಹೆಂಡತಿ ಈ ಪತ್ರದಲ್ಲಿ ಬರೆಯಲೇಬೇಕು ಎಂದಿದ್ದಾಳೆ.

ಈಗ ನಮ್ಮ ಮನೆಯ ಪಡಸಾಲೆಗೆ ಬನ್ನಿ. ರಾತ್ರಿ ಎಂಟು ಗಂಟೆ. ಹೆಂಡತಿ ಟಿವಿಯಲ್ಲಿ ಧಾರಾವಾಹಿ. ಮಗ ಫೋನಿನಲ್ಲಿ ಕ್ರಿಕೆಟ್ಟು. ಸೊಸೆಯದು ನಿಲುವು ಪರದೆಯ ಹೊಸ ಬಗೆಯ ಧಾರಾವಾಹಿ, ಒಂದೊಂದು ಕಂತು ಒಂದೂವರೆ ಎರಡು ನಿಮಿಷ, ಅತ್ತೆ ಹೊಡೆಯಲು ಕೈ ಎತ್ತುತ್ತಿದ್ದಂತೆ ನಿಂತುಬಿಡುತ್ತದೆ, ಏಟು ಬಿತ್ತೋ ಇಲ್ಲವೋ ನೋಡಬೇಕಾದರೆ ರೊಕ್ಕ ಕಟ್ಟಬೇಕು. ಮೊಮ್ಮಗ ಯಾರೋ ಇನ್ನೊಬ್ಬರು ಆಟ ಆಡುವುದನ್ನು ನೋಡುತ್ತಾನೆ. ನಾನು ಹಳೆಯ ನಾಟಕದ ತುಣುಕು. ಐದು ಮಂದಿ, ಐದು ಪರದೆ, ನಾಲ್ವರ ಕಿವಿಯಲ್ಲಿ ಇಯರ್‌ಫೋನು. ಒಬ್ಬರು ನಕ್ಕರೆ ಉಳಿದ ನಾಲ್ವರು ತಲೆ ಎತ್ತಿ ಏನಾಯಿತೋ ಎಂದು ನೋಡುತ್ತಾರೆ. ನಗುವವನಿಗೆ ನಾಚಿಕೆಯಾಗಿ ನಗು ನುಂಗುತ್ತಾನೆ. ಮೊನ್ನೆ ನಾನೇ ನುಂಗಿದೆ.

ಈ ಮನೆಗೆ ವೈರು ಎಳೆದವನೂ ನಾನೇ ಎಂದು ಮತ್ತೆ ಹೇಳಬೇಕಾಗಿಲ್ಲ.

ಟಿವಿ ನಮ್ಮ ರಾಜ್ಯದ ಹಳ್ಳಿಗೆ ಮೊದಲು ಕಾಲಿಟ್ಟಾಗ ಹೀಗಿರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಬಳಸಿ ಇಸ್ರೊದವರು ‘ಸೈಟ್’ ಎಂಬ ಪ್ರಯೋಗ ಮಾಡಿದರು. ಆರು ರಾಜ್ಯಗಳ 2400 ಹಳ್ಳಿಗೆ ಒಂದೊಂದು ಟಿವಿ. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಟಿವಿ ಇಟ್ಟದ್ದು ಯಾರ ಮನೆಯಲ್ಲೂ ಅಲ್ಲ, ಶಾಲೆಯಲ್ಲಿ, ಪಂಚಾಯತಿಯಲ್ಲಿ, ಎಲ್ಲರೂ ಬರುವ ಜಾಗದಲ್ಲಿ. ರಾಯಚೂರು ಕಡೆಯ ನಮ್ಮ ಅತ್ತಿ ಅದರ ಕಥೆ ಹೇಳುತ್ತಿದ್ದಳು. ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಛತ್ರಿ ತಲೆಕೆಳಗಾಗಿ ನಿಂತಿತ್ತಂತೆ. ಅದರ ಕೆಳಗೆ ಸಂಜೆಗೆ ಊರೆಲ್ಲ. ಗೊಬ್ಬರದ ಬಗ್ಗೆ, ಕೂಸುಗಳ ಆರೋಗ್ಯದ ಬಗ್ಗೆ ಏನೇನೋ ಹೇಳುತ್ತಿದ್ದರಂತೆ, ಅದೆಲ್ಲ ಅತ್ತಿಗೆ ಮರೆತಿತ್ತು. ಯಾರ ಮಗ್ಗುಲಿಗೆ ಕೂತಿದ್ದೆ ಎನ್ನುವುದು ಮಾತ್ರ ಕಡೆಯತನಕ ನೆನಪಿತ್ತು.

ಆಗ ಟಿವಿ ಕಡಿಮೆ ಇದ್ದದ್ದಕ್ಕೆ ಕೂಡಿ ಕೂತರು, ಬಡತನವನ್ನು ಸಂಸ್ಕೃತಿ ಎನ್ನಬೇಡ ಎಂದು ನನ್ನ ಮಗ ಹೇಳುತ್ತಾನೆ. ಒಪ್ಪುತ್ತೇನೆ. ಆದರೆ ಫೋನಿನಲ್ಲಿ ಎಲ್ಲ ಇದ್ದರೂ ಮಂದಿ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕದ ಟೆಂಟಿನ ಮುಂದೆ ಈಗಲೂ ಟಿಕೆಟ್ಟಿಗೆ ಯಾಕೆ ನಿಲ್ಲುತ್ತಾರೆ? ಹಾನಗಲ್ ತಾಲೂಕಿನ ಶೇಷಗಿರಿಗೆ ಹೋಗಿ ನೋಡಿ. ಸಣ್ಣ ಹಳ್ಳಿ, ಸ್ವಂತ ತಂಡ, ಸ್ವಂತ ರಂಗಮಂದಿರ. ಅಲ್ಲಿನವರ ಮನೆಗಳಲ್ಲೂ ಟಿವಿ ಇದೆ, ಫೋನಿದೆ.

ಇನ್ನು ನನ್ನ ಬೇಡಿಕೆ. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ಸಿ-ಸ್ಪೇಸ್ ಎಂಬ ಒಟಿಟಿ ಶುರು ಮಾಡಿದೆ. ನೋಡಿದಷ್ಟಕ್ಕೆ ರೊಕ್ಕ, ಶುರುವಿನಲ್ಲಿ ಒಂದು ಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಒಂದು ಪಾಲು ಚಿತ್ರ ಮಾಡಿದವರಿಗೆ. ಪ್ರಸಾರ ಭಾರತಿಯವರೂ ಅದೇ ವರ್ಷ ನವೆಂಬರಿನಲ್ಲಿ ವೇವ್ಸ್ ಎನ್ನುವುದನ್ನು ತಂದರು. ನಿಮ್ಮದು ಮೂರನೆಯ ಆ್ಯಪ್ ಆಗಿ ಫೋನಿನ ಮೂಲೆಯಲ್ಲಿ ಬೀಳಬಾರದು. ಒಟಿಪಿ ಕೇಳುವ ಒಟಿಟಿಗೆ ನಮ್ಮ ಹಿರಿಯರು ಅಂಜುತ್ತಾರೆ, ಬ್ಯಾಂಕಿನ ರೊಕ್ಕ ಹೋದೀತೆಂದು. ಅದರಲ್ಲಿ ಮನೆಗೊಂದು ದರ ಇರುವ ಹಾಗೆ ಊರಿಗೊಂದು ದರವೂ ಇರಲಿ. ಒಂದು ಹಳ್ಳಿ ಒಂದು ರಾತ್ರಿಗೆ ಇಷ್ಟು ರೊಕ್ಕ ಕಟ್ಟಿದರೆ ಗುಡಿಯ ಕಟ್ಟೆ ಮೇಲೆ, ಶಾಲೆಯ ಅಂಗಳದಲ್ಲಿ ಎಲ್ಲರೂ ಕೂಡಿ ನೋಡಬಹುದು, ಯಾವ ಪೊಲೀಸರೂ ಬಂದು ಕೇಳುವುದಿಲ್ಲ ಎನ್ನುವ ಒಂದು ಚೀಟಿ. 1964ರ ಸಿನಿಮಾ ನಿಯಂತ್ರಣ ಕಾಯಿದೆಯಲ್ಲಿ ಅದಕ್ಕೆ ಒಂದು ಸಣ್ಣ ಕಿಂಡಿ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಮುನ್ನೂರು ರೂಪಾಯಿ ಇಟ್ಟರೂ ಅರವತ್ತು ಮಂದಿ ಬಂದರೆ ತಲೆಗೆ ಐದು. ಒಂದು ಮಿರ್ಚಿಗೂ ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಜಾಗವೂ ಹೊಸದಾಗಿ ಕಟ್ಟಬೇಕಾಗಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎಂದು ಮಾಡಿದ್ದೀರಿ, ಎಷ್ಟೋ ಕಡೆ ಟಿವಿಯೂ ಇದೆ, ಕರೆಂಟೂ ಇದೆ, ಸಂಜೆ ಬೀಗವೂ ಇದೆ. ಶನಿವಾರ ರಾತ್ರಿ ಆ ಬೀಗ ತೆಗೆಸಿ. ಬೀಗದ ಕೈ ಯಾರ ಬಳಿ ಇರಬೇಕು ಎಂಬ ಜಗಳ ಊರಿನವರೇ ಬಗೆಹರಿಸಿಕೊಳ್ಳುತ್ತಾರೆ.

ರೊಕ್ಕದ ಲೆಕ್ಕ ಹೇಗೆ ಎಂದರೆ, ಅದಕ್ಕೂ ನಮ್ಮ ತಾಲೂಕಿನಲ್ಲೇ ದಾರಿ ಇದೆ. 1905ರಲ್ಲಿ ಕಣಗಿನಹಾಳದ ರೈತರು ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಸಂಘ ಕಟ್ಟಿದರು, ದೇಶದಲ್ಲೇ ಮೊದಲಿನದು ಎಂದು ಹೇಳುತ್ತಾರೆ. ಬೀಜ-ಗೊಬ್ಬರಕ್ಕೆ ಆದದ್ದು ನಾಟಕಕ್ಕೆ, ಕಿರುಚಿತ್ರಕ್ಕೆ ಯಾಕೆ ಆಗಬಾರದು? ಮೊಬೈಲ್ ಹಿಡಿದ ಆ ಹುಡುಗರು, ನಾಟಕ ಕಂಪನಿ ಮಾಲೀಕರು, ಕೃಷ್ಣ ಪಾರಿಜಾತದ ಆಟ ಆಡುವ ಮೇಳದವರು ಸದಸ್ಯರಾಗಲಿ. ಊರು ಕಟ್ಟಿದ ರೊಕ್ಕದ ಪಾಲು ಅವರ ಖಾತೆಗೆ ಬೀಳಲಿ. ಈಗ ಅವರಿಗೆ ಎಷ್ಟು ಬರುತ್ತದೆ, ಯಾಕೆ ಬರುತ್ತದೆ ಎಂದು ಹೇಳುವವನು ಎಲ್ಲೋ ದೂರದ ಒಂದು ಕಂಪ್ಯೂಟರು.

ಅದರಲ್ಲಿ ಸಿನಿಮಾ ಅಷ್ಟೇ ಹಾಕಬೇಡಿ. ಕನ್ನಡದ ವೃತ್ತಿ ನಾಟಕ ಮಂಡಳಿ ಹುಟ್ಟಿದ್ದೇ 1870ರ ದಶಕದಲ್ಲಿ ನಮ್ಮ ಗದಗಿನಲ್ಲಿ. ಮರಾಠಿ ನಾಟಕಗಳೇ ಮೆರೆಯುತ್ತಿದ್ದಾಗ ಶಾಂತಕವಿಗಳು ಹಠ ಹಿಡಿದು ಕಟ್ಟಿದ್ದು. ಮುಂದೆ ಗರುಡ ಸದಾಶಿವರಾಯರು, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಎಲ್ಲರದೂ ಕಂಪನಿಗಳು ಈ ಮಣ್ಣಿನಲ್ಲೇ ಡೇರೆ ಹೊಡೆದವು. ಈಗ ಉಳಿದ ಕಂಪನಿಗಳ ನಾಟಕಗಳನ್ನು ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿ. ಸ್ಟುಡಿಯೊಗೆ ಕರೆಸಿ ಮಾತ್ರ ಮಾಡಬೇಡಿ, ಡೇರೆಯಲ್ಲೇ ಮಾಡಿ, ಮಂದಿ ಕೂತಾಗ ಮಾಡಿ. ಹಾಸ್ಯದವನು ಅರ್ಧ ಮಾತನ್ನು ಎರಡನೇ ಸಾಲಿನಲ್ಲಿ ಕೂತವನಿಗೆ ಎಸೆಯುತ್ತಾನೆ, ಖಾಲಿ ಸ್ಟುಡಿಯೊದಲ್ಲಿ ಅವನು ಯಾರಿಗೆ ಎಸೆಯಬೇಕು? ಹಾಡು ಚಲೋ ಆದರೆ “ಒನ್ಸ್ ಮೋರ್” ಬೀಳುತ್ತದೆ, ಹಾಡು ಮತ್ತೆ ಬರುತ್ತದೆ. ಎಡಿಟ್ ಮಾಡುವವರು ಅದನ್ನು ಎರಡು ಸಲ ಬಂದಿದೆ ಎಂದು ಕತ್ತರಿಸಬಾರದು.

ನಾನು ನಾಟಕದ ಟೇಪು ಹಚ್ಚಿದಾಗಲೂ ಹಳ್ಳಿಯವರು “ಒನ್ಸ್ ಮೋರ್” ಕೂಗುತ್ತಿದ್ದರು, ಟಿವಿಗೆ! ಮೊದಮೊದಲು ನಕ್ಕೆ. ಆಮೇಲೆ ರಿವೈಂಡ್ ಮಾಡಿ ಮತ್ತೆ ಹಾಕತೊಡಗಿದೆ. ಕೂಗಿದವರ ಮುಖ ನೋಡಬೇಕಿತ್ತು, ಹಾಡಿದವಳು ತಮ್ಮ ಮಾತು ಕೇಳಿದಳು ಎನ್ನುವ ಹಾಗೆ. ಇದೂ ನಿಮ್ಮ ಒಟಿಟಿಗೆ ಬೇಕಾದರೆ ತೆಗೆದುಕೊಳ್ಳಿ, ಪುಕ್ಕಟೆ.

ಟೇಪಿನ ಮಾತು ಬಂತು. ಲೋಕಲ್ ಚಾನೆಲ್ಲಿಗಾಗಿ ಹದಿನೈದು ವರ್ಷ ನಾನು ಚಿತ್ರೀಕರಿಸಿದ ವಿಎಚ್‌ಎಸ್ ಟೇಪುಗಳು ಅಂಗಡಿಯ ಅಟ್ಟದ ಮೇಲಿವೆ. ಕಂಪನಿ ನಾಟಕಗಳು, ತೋಂಟದಾರ್ಯ ಮಠದ ಜಾತ್ರೆ, ಒಂದರಲ್ಲಿ ಪುಟ್ಟರಾಜ ಗವಾಯಿಗಳ ತುಲಾಭಾರ, ನಾಲ್ಕರಲ್ಲಿ ದೊಡ್ಡಾಟ. ಕುಣಿದವರಲ್ಲಿ ಬಹಳ ಮಂದಿ ಈಗಿಲ್ಲ. ಕೆಲವು ವರ್ಷದ ಹಿಂದೆ ಹನ್ನೆರಡು ಟೇಪು ಚೀಲದಲ್ಲಿ ಹಾಕಿಕೊಂಡು ರಾತ್ರಿ ರೈಲು ಹತ್ತಿ ಬೆಂಗಳೂರಿನ ಒಂದು ಕಚೇರಿಗೆ ಹೋದೆ. ಇಂಥವನ್ನು ಕಾದಿಡುವುದೇ ತಮ್ಮ ಕೆಲಸ ಎಂದು ಬಾಗಿಲ ಮೇಲೆ ಬರೆದುಕೊಂಡವರು. ಒಳಗಿದ್ದವರು ಚಲೋ ಮಂದಿ, ಚಹಾ ಕೊಟ್ಟರು. “ಇವನ್ನ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ, ನಮ್ಮಲ್ಲಿ ಇದನ್ನ ಓಡಿಸುವ ಮೆಷಿನ್ ಇಲ್ಲ” ಅಂದರು. ನನ್ನಲ್ಲಿ ಮೆಷಿನ್ ಇದೆ, ತರುತ್ತೇನೆ ಅಂದೆ. ಅದಕ್ಕೆ ಟೆಂಡರ್ ಕರೆಯಬೇಕಾಗುತ್ತದೆ ಅಂದರು. ಚಹಾ ಮುಗಿಸಿ ಎದ್ದೆ.

ಮೆಷಿನ್ನಿನ ಕಥೆಯೂ ಹೀಗಿದೆ. ಜಗತ್ತಿನಲ್ಲಿ ಕಡೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರ ಜುಲೈನಲ್ಲಿ ಕೈ ಎತ್ತಿತು. ಈಗ ಕೆಟ್ಟ ಮೂರನ್ನು ಬಿಚ್ಚಿ ಒಂದನ್ನು ಓಡಿಸಬೇಕು. ಟೇಪಿನ ಮೇಲಿನ ಕಂದು ಪುಡಿ ಉದುರಿ, ಟೇಪು ಓದುವ ಹೆಡ್ಡಿಗೆ ಹತ್ತುತ್ತದೆ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಸ್ಪಿರಿಟ್ಟಿನಿಂದ ಒರೆಸಬೇಕು. ಅವಸರಕ್ಕೆ ಹಿಂದೆ ಹೊಸ ನೋಟಿನ ಅಂಚಿನಿಂದ ಒರೆಸುತ್ತಿದ್ದೆವು, ಈಗ ಹಾಗೆ ಮಾಡಲು ಧೈರ್ಯವಿಲ್ಲ. ಮೂರೂವರೆ ತಾಸಿನ ನಾಟಕ ಕಂಪ್ಯೂಟರಿಗೆ ಇಳಿಯಲು ಮೂರೂವರೆ ತಾಸೇ ಬೇಕು, ಬೇಗ ಮಾಡುವ ದಾರಿ ಇಲ್ಲ. ಇಲ್ಲಿಯತನಕ ನಾನೊಬ್ಬನೇ ಕೂತು ಒಂಬತ್ತು ಇಳಿಸಿದ್ದೇನೆ. ಎಲ್ಲ ನಾಟಕಗಳಲ್ಲೂ ಒಂದೇ ತಕರಾರು: ಚಿತ್ರ ಸ್ವಚ್ಛವಾಗಿ ಬರುತ್ತ ಬರುತ್ತ, ಹಾಡು ಶುರುವಾದ ಕೂಡಲೇ ಬಿಳಿ ಗೆರೆ, ಮಂಜು, ದನಿ ನಡುಗುತ್ತದೆ. ಮಂದಿ ಒನ್ಸ್ ಮೋರ್ ಕೇಳಿದ ಜಾಗ ಅದು. ರಿವೈಂಡ್ ಮಾಡಿ ಮಾಡಿ ನಾನೇ ಸವೆಸಿದ್ದು.

ಸಾಹೇಬರೇ, ಟೆಂಡರ್ ಕರೆಯಿರಿ, ಬಿಡಿರಿ, ಅದು ನಿಮ್ಮ ಪದ್ಧತಿ. ಆದರೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯುವ ಮೊದಲು ಒಬ್ಬರನ್ನು ಕಳಿಸಿ. ಅಟ್ಟದ ಗೋಡೆಗೆ ತೇವ ಇಳಿಯುತ್ತದೆ, ಹೋದ ವರ್ಷ ದೊಡ್ಡಾಟದ ಒಂದು ಟೇಪಿಗೆ ಬೂಷ್ಟು ಹತ್ತಿತ್ತು. ಬರುವವರು ಬೆಟಗೇರಿಯಲ್ಲಿ ಹಳೇ ಕೇಬಲ್‌ನವನ ಅಂಗಡಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ರಾತ್ರಿ ಉಳಿದುಕೊಳ್ಳುವ ತಯಾರಿಯಲ್ಲಿ ಬರಲಿ. ಓಣಿಯಲ್ಲಿ ಪರದೆ ಕಟ್ಟಿ, ಇಳಿಸಿದ ಒಂಬತ್ತರಲ್ಲಿ ಒಂದನ್ನು ಹಚ್ಚುತ್ತೇನೆ. ಜಮಖಾನೆ ನಮ್ಮ ಮನೆಯಲ್ಲಿದೆ.

ನಿಮ್ಮ ವಿಶ್ವಾಸದ,
ಬೆಟಗೇರಿಯ ಹಳೇ ಕೇಬಲ್‌ನವ